ಪ್ರೊಜೆಕ್ಟರ್ ಜೋಡಿಸುವುದು: ಜಾಗ ಮೊದಲು, ಗುಂಡಿ ಆಮೇಲೆ

ಸಿಕ್ಕ ಮೇಜಿನ ಮೇಲೆ ಪ್ರೊಜೆಕ್ಟರ್ ಇಟ್ಟು, ಮುಂದಿನ ಕಾಲಿನಡಿ ಒಂದು ಪುಸ್ತಕ ತುರುಕಿ, ಸೊಟ್ಟಗೆ ಬಿದ್ದ ಚಿತ್ರವನ್ನು ಕೀಸ್ಟೋನ್ ಗುಂಡಿ ಒತ್ತಿ ನೆಟ್ಟಗೆ ಮಾಡಿಕೊಳ್ಳುವವರೇ ಹೆಚ್ಚು. ಚಿತ್ರವೇನೋ ಬರುತ್ತದೆ. ಆದರೆ ಅಕ್ಷರ ಮಸುಕಾಗಿರುತ್ತದೆ, ಪುಸ್ತಕ ತಳದ ಗಾಳಿಕಿಂಡಿಯನ್ನು ಮುಚ್ಚಿರುತ್ತದೆ, ಅರ್ಧ ಗಂಟೆಯಲ್ಲಿ ಯಂತ್ರ ಕಾದು ತಾನಾಗಿ ಆಫ್ ಆಗುತ್ತದೆ. ಈ ಎಲ್ಲ ತೊಂದರೆಗಳ ಬೇರು ಒಂದೇ. ಯಂತ್ರವನ್ನು ಇಡಬೇಕಾದ ಕಡೆ ಇಡದೆ, ಆ ತಪ್ಪನ್ನು ಮೆನುವಿನಲ್ಲಿ ಸರಿಪಡಿಸಲು ಹೋಗುವುದು. ಆದ್ದರಿಂದ ರಿಮೋಟ್ ಕೈಗೆತ್ತಿಕೊಳ್ಳುವ ಮೊದಲು ಅಳತೆ ಟೇಪು ಹಿಡಿಯಿರಿ.

ಎಷ್ಟು ದೂರ, ಎಷ್ಟು ಎತ್ತರ

ಪ್ರತಿ ಪ್ರೊಜೆಕ್ಟರಿಗೂ ಥ್ರೋ ರೇಶಿಯೋ ಎಂಬ ಒಂದು ಸಂಖ್ಯೆ ಇರುತ್ತದೆ. ಲೆನ್ಸಿನಿಂದ ಪರದೆಗಿರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವುದೇ ಅದು. ಕೈಪಿಡಿಯ ಕೊನೆಯ ಪುಟಗಳಲ್ಲಿ ಸಿಗುತ್ತದೆ. 100 ಇಂಚಿನ ಪರದೆ ಎಂದರೆ ಮೂಲೆಯಿಂದ ಮೂಲೆಗೆ 100 ಇಂಚು. 16:9 ಆಕಾರದಲ್ಲಿ ಅದರ ಅಗಲ 221 ಸೆಂ.ಮೀ., ಎತ್ತರ 125 ಸೆಂ.ಮೀ. ನಿಮ್ಮ ಪ್ರೊಜೆಕ್ಟರಿನ ಥ್ರೋ ರೇಶಿಯೋ 1.5ರಿಂದ 1.8 ಎಂದಿದ್ದರೆ, 2.21 ಮೀಟರನ್ನು 1.5ರಿಂದ ಗುಣಿಸಿ: 3.3 ಮೀಟರ್. 1.8ರಿಂದ ಗುಣಿಸಿದರೆ ಸುಮಾರು 4 ಮೀಟರ್. ಈ ಎರಡರ ನಡುವೆ ಎಲ್ಲಿಟ್ಟರೂ ಜೂಮ್ ಉಂಗುರ ತಿರುಗಿಸಿ ಪರದೆ ತುಂಬಿಸಬಹುದು. ಅದಕ್ಕಿಂತ ಹತ್ತಿರ ಇಟ್ಟರೆ ಚಿತ್ರ ಚಿಕ್ಕದಾಗುತ್ತದೆ, ದೂರ ಇಟ್ಟರೆ ಪರದೆಯಾಚೆ ಚೆಲ್ಲುತ್ತದೆ.

ರೇಶಿಯೋ 0.5ರ ಶಾರ್ಟ್ ಥ್ರೋ ಯಂತ್ರಕ್ಕೆ ಇದೇ ಪರದೆಗೆ 1.1 ಮೀಟರ್ ಸಾಕು. ಗೋಡೆಗೆ ಅಂಟಿದಂತೆ ಇಡುವ ಅಲ್ಟ್ರಾ ಶಾರ್ಟ್ ಥ್ರೋಗೆ ಇನ್ನೂ ಕಡಿಮೆ. ಆದರೆ ಇದರ ಬೆಳಕು ಪರದೆಯನ್ನು ತೀರಾ ಓರೆಯಾಗಿ ಸವರಿಕೊಂಡು ಹೋಗುವುದರಿಂದ ಸುರುಳಿ ಪರದೆಯ ಚಿಕ್ಕ ಸುಕ್ಕು ಕೂಡ ಚಿತ್ರದಲ್ಲಿ ಅಲೆಯಾಗಿ ಕಾಣುತ್ತದೆ. ಚೌಕಟ್ಟಿಗೆ ಬಿಗಿದು ಕಟ್ಟಿದ ಪರದೆ ಇಲ್ಲದೆ ಅದನ್ನು ಕೊಳ್ಳಬೇಡಿ.

ಇನ್ನು ಎತ್ತರ. ಎಲ್ಲರೂ ಸಮತಟ್ಟು ನೆಲದಲ್ಲಿ ಕುರ್ಚಿ ಹಾಕಿ ಕೂರುವ ಕೋಣೆಯಲ್ಲಿ ಪರದೆಯ ಕೆಳ ಅಂಚು ನೆಲದಿಂದ ಕನಿಷ್ಠ 1.2 ಮೀಟರ್ ಮೇಲಿರಲಿ, ಇಲ್ಲದಿದ್ದರೆ ಮುಂದಿನವರ ತಲೆ ಹಿಂದಿನವರಿಗೆ ಅಡ್ಡ. ಕೊನೆಯ ಸಾಲು ಪರದೆಯ ಎತ್ತರದ 6 ಪಟ್ಟಿಗಿಂತ ದೂರ ಹೋಗಬಾರದು. 125 ಸೆಂ.ಮೀ. ಎತ್ತರಕ್ಕೆ ಅದು 7.5 ಮೀಟರ್. ಕನ್ನಡದ ಸ್ಲೈಡ್ ತೋರಿಸುವವರು ಇನ್ನೊಂದು ವಿಷಯ ಗಮನಿಸಬೇಕು. ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಕೂರುವುದರಿಂದ ಇಂಗ್ಲಿಷಿಗೆ ಸಾಕಾಗುವ ಗಾತ್ರ ಕನ್ನಡಕ್ಕೆ ಸಾಲದು. 28 ಪಾಯಿಂಟಿಗಿಂತ ಕೆಳಗೆ ಇಳಿಯಬೇಡಿ, ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿ.

ಲ್ಯೂಮೆನ್ ಹೆಚ್ಚಿಸುವ ಮೊದಲು ದೀಪ ಆರಿಸಿ

ಪ್ರೊಜೆಕ್ಟರ್ ಕಪ್ಪು ಬಣ್ಣವನ್ನು ಬಿಡಲಾರದು, ಅದು ಬೆಳಕನ್ನು ಮಾತ್ರ ಬಿಡಬಲ್ಲದು. ಚಿತ್ರದಲ್ಲಿ ಕಪ್ಪಾಗಿರಬೇಕಾದ ಭಾಗ, ಕೋಣೆಯ ದೀಪ ಪರದೆಯ ಮೇಲೆ ಎಷ್ಟು ಬೀಳುತ್ತದೋ ಅಷ್ಟು ಬೆಳ್ಳಗೆ ಕಾಣುತ್ತದೆ. ಲೆಕ್ಕ ಹಾಕಿ ನೋಡೋಣ. ಲ್ಯೂಮೆನ್ ಎಂದರೆ ಯಂತ್ರ ಹೊರಬಿಡುವ ಒಟ್ಟು ಬೆಳಕು, ಲಕ್ಸ್ ಎಂದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಬೆಳಕು. 3000 ಲ್ಯೂಮೆನ್ ಬೆಳಕು 2.76 ಚದರ ಮೀಟರಿನ 100 ಇಂಚು ಪರದೆಯ ಮೇಲೆ ಹರಡಿದರೆ ಸುಮಾರು 1090 ಲಕ್ಸ್. ಕೋಣೆಯ ದೀಪದಿಂದ ಅದೇ ಪರದೆಗೆ 100 ಲಕ್ಸ್ ಬೀಳುತ್ತಿದ್ದರೆ ಬಿಳುಪಿಗೂ (ಎರಡೂ ಬೆಳಕು ಸೇರಿ 1190 ಲಕ್ಸ್) ಕಪ್ಪಿಗೂ (100 ಲಕ್ಸ್) ಇರುವ ಅಂತರ ಬರಿ 12 ಪಟ್ಟು. ಓದಬೇಕಾದ ಸ್ಲೈಡಿಗೆ ಕಡೇಪಕ್ಷ 15 ಪಟ್ಟು ಬೇಕು, ಸಿನಿಮಾ ನೋಡಲು 80 ಪಟ್ಟು ಇದ್ದರೆ ಚೆನ್ನ. ಈಗ ಎರಡು ಪಟ್ಟು ದುಡ್ಡು ಕೊಟ್ಟು 6000 ಲ್ಯೂಮೆನ್ ಯಂತ್ರ ತಂದರೆ ಅಂತರ 23ಕ್ಕೆ ಏರುತ್ತದೆ. ಅದರ ಬದಲು ಪರದೆಯ ನೆತ್ತಿಯ ಮೇಲಿರುವ ಒಂದು ಸಾಲು ದೀಪ ಆರಿಸಿ 100 ಲಕ್ಸನ್ನು 20ಕ್ಕೆ ಇಳಿಸಿದರೆ ಹಳೆಯ ಯಂತ್ರದಲ್ಲೇ ಅದು 50 ದಾಟುತ್ತದೆ. ಪರದೆ ಹತ್ತಿರದ ದೀಪಗಳಿಗೆ ಬೇರೆಯೇ ಸ್ವಿಚ್ ಹಾಕಿಸುವುದು ಈ ಇಡೀ ಕೆಲಸದಲ್ಲಿ ಅತ್ಯಂತ ಕಡಿಮೆ ಖರ್ಚಿನ, ಅತ್ಯಂತ ಹೆಚ್ಚು ಫಲ ಕೊಡುವ ಸುಧಾರಣೆ.

ಕೊಳ್ಳುವಾಗ ಆನ್ಸಿ (ಅಮೆರಿಕದ ಮಾನಕ ಸಂಸ್ಥೆ) ಲ್ಯೂಮೆನ್ ಅಥವಾ ಐಎಸ್‌ಒ 21118 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅಳೆದ ಲ್ಯೂಮೆನ್ ಎಷ್ಟೆಂದು ನೋಡಿ. ಆನ್ಸಿ ಅಳತೆಯಲ್ಲಿ ಪರದೆಯ 9 ಜಾಗಗಳಲ್ಲಿ ಬೆಳಕು ಅಳೆದು ಸರಾಸರಿ ತೆಗೆಯುತ್ತಾರೆ. ಡಬ್ಬದ ಮೇಲೆ ಬರೀ 'ಲ್ಯೂಮೆನ್' ಎಂದಷ್ಟೇ ಬರೆದ ದೊಡ್ಡ ಸಂಖ್ಯೆಯನ್ನು ನಂಬಿ ಲೆಕ್ಕ ಹಾಕಬೇಡಿ.

ಗಾಳಿ

ಲ್ಯಾಂಪ್ ಪ್ರೊಜೆಕ್ಟರ್ ಎಂದರೆ ಒಂದು ಪುಟ್ಟ ಒಲೆ. ತಣ್ಣನೆ ಗಾಳಿ ಒಂದು ಕಿಂಡಿಯಲ್ಲಿ ಒಳಹೋಗಿ, ಬಿಸಿಯಾಗಿ ಇನ್ನೊಂದರಲ್ಲಿ ಹೊರಬರಬೇಕು. ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ಕೈ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಬಿಸಿ ಗಾಳಿಯ ಕಡೆ ಕನಿಷ್ಠ 30 ಸೆಂ.ಮೀ. ಜಾಗ ಖಾಲಿ ಬಿಡಿ. ನಿಮ್ಮ ಕೈಪಿಡಿ ಹೆಚ್ಚು ಕೇಳಿದರೆ ಅಷ್ಟು ಬಿಡಿ.

ಕೆಲವು ಮಾದರಿಗಳಲ್ಲಿ ಒಳಗಾಳಿಯ ಕಿಂಡಿ ತಳದಲ್ಲಿರುತ್ತದೆ, ಎಡವಟ್ಟಾಗುವುದು ಇಲ್ಲೇ. ಮೇಜಿನ ಮೇಲೆ ಬಿದ್ದಿರುವ ಒಂದೇ ಒಂದು ಹಾಳೆ ಸಾಕು. ಫ್ಯಾನ್ ಎಳೆತಕ್ಕೆ ಅದು ಮೆಲ್ಲಗೆ ಮೇಲೆದ್ದು ಕಿಂಡಿಗೆ ಅಂಟಿಕೊಳ್ಳುತ್ತದೆ. ಹೊರಗಿನಿಂದ ಏನೂ ಕಾಣದು. ಫ್ಯಾನಿನ ಸದ್ದು ಮಾತ್ರ ಏರುತ್ತಾ ಹೋಗುತ್ತದೆ, ಹತ್ತಿಪ್ಪತ್ತು ನಿಮಿಷಕ್ಕೆ ತಾಪದ ದೀಪ ಮಿನುಗಿ ಯಂತ್ರ ನಿಲ್ಲುತ್ತದೆ. ಅದಕ್ಕೇ ಮೇಜುಬಟ್ಟೆ, ಹಾಸಿಗೆ, ಸೋಫಾ, ದಿಂಬು ಇವುಗಳ ಮೇಲೆ ಪ್ರೊಜೆಕ್ಟರ್ ಇಡಕೂಡದು. ಗಟ್ಟಿಯಾದ, ಬರಿಯ ಹಲಗೆ ಬೇಕು. ಪಕ್ಕದ ಪರದೆಬಟ್ಟೆಯೂ ಗಾಳಿಗೆ ಹಾರಿ ಬಂದು ಕಿಂಡಿ ಮುಚ್ಚುವಂತಿರಬಾರದು. ಎರಡು ಯಂತ್ರ ಅಕ್ಕಪಕ್ಕ ಇಡುವಾಗ ಒಂದರ ಬಿಸಿಯುಸಿರು ಇನ್ನೊಂದರ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಬಿಸಿ ಗಾಳಿ ಲೆನ್ಸಿನ ಮುಂದೆ ಹಾದುಹೋದರೆ ಚಿತ್ರ ಬಿಸಿಲುಗುದುರೆಯಂತೆ ನಡುಗುತ್ತದೆ.

ಸಮುದ್ರಮಟ್ಟದಿಂದ ಸುಮಾರು 1500 ಮೀಟರಿಗಿಂತ ಎತ್ತರದ ಊರುಗಳಲ್ಲಿ ಗಾಳಿ ತೆಳು, ಹಾಗಾಗಿ ಅದು ಹೊತ್ತೊಯ್ಯುವ ಶಾಖವೂ ಕಡಿಮೆ. ಮೆನುವಿನಲ್ಲಿ ಹೈ ಆಲ್ಟಿಟ್ಯೂಡ್ ಮೋಡ್ ಆನ್ ಮಾಡಿದರೆ ಫ್ಯಾನ್ ಜೋರಾಗಿ ತಿರುಗುತ್ತದೆ. ತಣ್ಣನೆ ಜಾಗದಿಂದ ಬೆಚ್ಚನೆ ಕೋಣೆಗೆ ತಂದ ಪ್ರೊಜೆಕ್ಟರನ್ನು ಕೂಡಲೇ ಆನ್ ಮಾಡಬೇಡಿ. ಲೆನ್ಸಿನ ಮೇಲೆ ಕಾಣುವ ತೇವ ಒಳಗೂ ಇರುತ್ತದೆ. ಒಂದೆರಡು ಗಂಟೆ ಹಾಗೇ ಬಿಡಿ.

ಕರೆಂಟು, ಕೇಬಲ್

3000ದಿಂದ 4000 ಲ್ಯೂಮೆನ್‌ನ ಲ್ಯಾಂಪ್ ಯಂತ್ರ ಸಾಮಾನ್ಯವಾಗಿ 250ರಿಂದ 350 ವ್ಯಾಟ್ ಎಳೆಯುತ್ತದೆ. ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟಿಗೇ ಹಾಕಿ. ಹೀಟರ್, ಇಸ್ತ್ರಿಪೆಟ್ಟಿಗೆ ಇರುವ ಎಕ್ಸ್‌ಟೆನ್ಶನ್ ಬೋರ್ಡಿಗೆ ಇದನ್ನೂ ಸೇರಿಸಬೇಡಿ. ಕರೆಂಟು ಆಗಾಗ ಹೋಗುವ ಕಡೆ ಲ್ಯಾಂಪ್ ಯಂತ್ರಕ್ಕೆ 1 ಕೆವಿಎ ಯುಪಿಎಸ್ ಇದ್ದರೆ ಒಳ್ಳೆಯದು. ಕಾರ್ಯಕ್ರಮ ಮುಂದುವರಿಸುವುದಕ್ಕಿಂತ, ಆರಿದ ಲ್ಯಾಂಪನ್ನು ಫ್ಯಾನ್ ತಣಿಸಿ ಮುಗಿಸುವಷ್ಟು ಹೊತ್ತು ಕರೆಂಟು ಕೊಡುವುದೇ ಅದರ ಮುಖ್ಯ ಉಪಯೋಗ.

ಸ್ಪೀಕರಿನಲ್ಲಿ 'ಗುಂಯ್' ಎಂಬ ಸದ್ದು ಬಂದರೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಸ್ಪೀಕರ್ ಮೂರನ್ನೂ ಒಂದೇ ಬೋರ್ಡಿನಿಂದ ತೆಗೆದುಕೊಳ್ಳಿ. ಬೇರೆ ಬೇರೆ ಸಾಕೆಟ್ಟುಗಳ ಅರ್ಥ್ ನಡುವಿನ ವ್ಯತ್ಯಾಸವೇ ಆ ಸದ್ದು. ಸದ್ದು ನಿಲ್ಲಿಸಲು ಅರ್ಥ್ ಪಿನ್ ಕಿತ್ತುಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಒಳಗೆ ವೈರ್ ತಗುಲಿದ ದಿನ ಲೋಹದ ಹೊರಮೈ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

ಎಚ್‌ಡಿಎಂಐ ಕೇಬಲ್ 5 ಮೀಟರ್‌ವರೆಗೆ ಸಾಮಾನ್ಯವಾಗಿ ತಕರಾರಿಲ್ಲದೆ ಕೆಲಸ ಮಾಡುತ್ತದೆ. 10 ಮೀಟರ್ ಮೀರಿದರೆ, ಅದರಲ್ಲೂ 4ಕೆ ಚಿತ್ರಕ್ಕೆ, ಫೈಬರ್ ಇರುವ ಆಕ್ಟಿವ್ ಕೇಬಲ್ ಬೇಕಾಗುತ್ತದೆ. ಅದಕ್ಕೆ ದಿಕ್ಕು ಉಂಟು. ಒಂದು ತುದಿಯಲ್ಲಿ 'ಸೋರ್ಸ್', ಇನ್ನೊಂದರಲ್ಲಿ 'ಡಿಸ್‌ಪ್ಲೇ' ಎಂದು ಬರೆದಿರುತ್ತದೆ. ಗೋಡೆಯೊಳಗೆ ತಿರುಗಾಮುರುಗಾ ಎಳೆದರೆ ಮತ್ತೆ ಅಷ್ಟೂ ಕಿತ್ತು ಎಳೆಯಬೇಕು, ಆದ್ದರಿಂದ ಗೋಡೆಗೆ ಸೇರಿಸುವ ಮೊದಲು ನೆಲದ ಮೇಲೆ ಹಾಸಿ ಚಿತ್ರ ಬರುತ್ತದೆಯೇ ನೋಡಿ. ಯುಎಸ್‌ಬಿ-ಸಿ ರಂಧ್ರವಿದ್ದ ಮಾತ್ರಕ್ಕೆ ಲ್ಯಾಪ್‌ಟಾಪಿನಿಂದ ಚಿತ್ರ ಬರುತ್ತದೆಂದಿಲ್ಲ, ಆ ರಂಧ್ರಕ್ಕೆ ಚಿತ್ರ ಕಳಿಸುವ ಸೌಲಭ್ಯ, ಅಂದರೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್, ಇರಬೇಕು. ಹಳೆಯ ವಿಜಿಎ ಕೇಬಲ್ ಧ್ವನಿ ಒಯ್ಯುವುದಿಲ್ಲ, ಅದಕ್ಕೆ ಬೇರೆ ಆಡಿಯೋ ವೈರ್ ಬೇಕು. ಜನ ಓಡಾಡುವ ಕಡೆ ಕೇಬಲ್ಲನ್ನು ನೆಲಕ್ಕೆ ಟೇಪ್ ಹಾಕಿ ಅಂಟಿಸಿ, ಮೇಜಿನ ಕಾಲಿಗೆ ಒಂದು ಸುತ್ತು ಸುತ್ತಿ. ಯಾರಾದರೂ ಎಡವಿದರೂ ಪ್ರೊಜೆಕ್ಟರ್ ಜೊತೆಗೆ ಬೀಳಬಾರದು.

ಚಿತ್ರ ಕೂರಿಸುವ ಕ್ರಮ

ಲೆನ್ಸಿನ ಮುಚ್ಚಳ ತೆಗೆದು, ಪ್ಲಗ್ ಹಾಕಿ, ಸ್ಟ್ಯಾಂಡ್‌ಬೈ ದೀಪ ಬಂದ ಮೇಲೆ ಪವರ್ ಗುಂಡಿ ಒತ್ತಿ. ಲ್ಯಾಂಪ್ ಪೂರ್ತಿ ಹೊತ್ತಲು ಸುಮಾರು ಒಂದು ನಿಮಿಷ ಬೇಕು. ಬೆಳಕು ಮಂಕಾಗಿದೆ ಎಂದು ಅಷ್ಟರಲ್ಲೇ ಆಫ್ ಮಾಡಬೇಡಿ. ಮುಂದೆ ಈ ಕ್ರಮದಲ್ಲಿ ಹೋಗಿ.

1. ಪರದೆಯ ಅಗಲದ ನಟ್ಟನಡುವೆ ಗುರುತು ಹಾಕಿ, ಲೆನ್ಸನ್ನು ಅದಕ್ಕೆ ನೇರವಾಗಿ ಇಡಿ. ಯಂತ್ರದ ನಡುಭಾಗ ಲೆಕ್ಕಕ್ಕಿಲ್ಲ, ಲೆನ್ಸ್ ಮುಖ್ಯ.
2. ಮೈಮೇಲೆ ರಸಮಟ್ಟ ಇಟ್ಟು, ಕಾಲುಗಳನ್ನು ತಿರುಗಿಸಿ ಸಮ ಮಾಡಿ. ಮೇಜಿನ ಮೇಲೆ ಇಡುವ ಬಹಳಷ್ಟು ಯಂತ್ರಗಳು ಬೆಳಕನ್ನು ಸಹಜವಾಗಿಯೇ ಮೇಲ್ಮುಖವಾಗಿ ಬಿಡುತ್ತವೆ. ಅಂಥದ್ದರ ಲೆನ್ಸ್ ಪರದೆಯ ಕೆಳ ಅಂಚಿನ ಮಟ್ಟಕ್ಕೆ ಬಂದರೆ ಯಂತ್ರವನ್ನು ವಾಲಿಸುವ ಅಗತ್ಯವೇ ಬೀಳುವುದಿಲ್ಲ.
3. ಜೂಮ್‌ನಿಂದ ಅಗಲ ಹೊಂದಿಸಿ. ಲೆನ್ಸ್ ಶಿಫ್ಟ್ ಇದ್ದರೆ ಚಿತ್ರವನ್ನು ಮೇಲೆ ಕೆಳಗೆ ಸರಿಸಲು ಅದನ್ನೇ ಬಳಸಿ.
4. ಚಿತ್ರದ ಎಡ, ಬಲ ಅಂಚುಗಳನ್ನೂ ಎರಡು ಕರ್ಣಗಳನ್ನೂ ಟೇಪಿನಿಂದ ಅಳೆಯಿರಿ. ಜೋಡಿಗಳು ಸಮವಿದ್ದರೆ ಆಯತ ಸರಿಯಿದೆ.
5. 15–20 ನಿಮಿಷ ಕಾದು ಫೋಕಸ್ ಮಾಡಿ. ಲೆನ್ಸ್ ಬಿಸಿಯಾದಂತೆ ಫೋಕಸ್ ಸ್ವಲ್ಪ ಸರಿಯುತ್ತದೆ.

ಯಾವ ಅಂಚು ಉದ್ದವಾಗಿದೆಯೋ ಆ ಕಡೆ ಲೆನ್ಸಿಗೆ ದೂರವಾಗಿದೆ ಎಂದರ್ಥ. ಎಡ ಅಂಚು ಉದ್ದವಿದ್ದರೆ ಯಂತ್ರವನ್ನು ಎಡಕ್ಕೆ ಸರಿಸಿ, ಮೂತಿಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ. ಮೇಲಿನ ಅಂಚು ಅಗಲವಿದ್ದರೆ ಮೂತಿ ಮೇಲಕ್ಕೆ ವಾಲಿದೆ. ಇಡೀ ಯಂತ್ರವನ್ನು ಎತ್ತರಿಸಿ ಮೂತಿ ತಗ್ಗಿಸಿ. ಇಷ್ಟಾದ ಮೇಲೂ ಉಳಿಯುವ ಒಂದಿಷ್ಟು ಓರೆಗೆ ಮಾತ್ರ ಕೀಸ್ಟೋನ್.

ಕೀಸ್ಟೋನ್ ಬಗ್ಗೆ ಇಷ್ಟು ಹಟ ಏಕೆಂದರೆ, ಅದು ಬೆಳಕನ್ನು ಬಾಗಿಸುವುದಿಲ್ಲ. ಒಳಗೆ ಚಿತ್ರ ಮೂಡಿಸುವ ಪ್ಯಾನೆಲ್ ಮೇಲೆ ಚಿತ್ರವನ್ನೇ ಕುಗ್ಗಿಸಿ, ಉಲ್ಟಾ ಓರೆಯಾಗಿ ಬರೆಯುತ್ತದೆ. ಅಂಚಿನ ಪಿಕ್ಸೆಲ್‌ಗಳು ದಂಡವಾಗುತ್ತವೆ, ಉಳಿದವುಗಳಿಗೆ ಮೂಲ ಚಿತ್ರದ ಗೆರೆಗಳು ಸರಿಯಾಗಿ ಹೊಂದುವುದಿಲ್ಲ. ಪರೀಕ್ಷಿಸಲು ಸಣ್ಣ ಅಕ್ಷರದಲ್ಲಿ 'ಅಂಗಡಿ' ಎಂದು ಬರೆದು ತೋರಿಸಿ, ಪರದೆಯ ಬಳಿ ಹೋಗಿ ಸೊನ್ನೆಯನ್ನೇ ದಿಟ್ಟಿಸಿ. ಕೀಸ್ಟೋನ್ 0 ಇದ್ದು ಫೋಕಸ್ ಸರಿಯಿದ್ದರೆ ಸೊನ್ನೆಯ ನಡುವಿನ ತೂತು ಚೊಕ್ಕವಾಗಿ ಕಾಣುತ್ತದೆ. ಕೀಸ್ಟೋನ್ ಏರಿಸುತ್ತಾ ಹೋದಂತೆ ಆ ತೂತು ಬೂದುಬಣ್ಣಕ್ಕೆ ತಿರುಗಿ ಮುಚ್ಚಿಕೊಳ್ಳುತ್ತದೆ. ಫೋಕಸ್ ನೋಡಲೂ ಇದೇ ಸೊನ್ನೆ ಸಾಕು. ನಡುವೆ ಒಂದು, ನಾಲ್ಕು ಮೂಲೆಗೆ ನಾಲ್ಕು ಬರೆದು ಐದೂ ಒಟ್ಟಿಗೆ ಸ್ಪಷ್ಟವಾಗುವವರೆಗೆ ಉಂಗುರ ತಿರುಗಿಸಿ.

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀ ಜೊತೆ ಪಿ ಒತ್ತಿದರೆ ಡುಪ್ಲಿಕೇಟ್, ಎಕ್ಸ್‌ಟೆಂಡ್ ಆಯ್ಕೆಗಳು ಬರುತ್ತವೆ. ರೆಸಲ್ಯೂಶನ್ ಅನ್ನು ಪ್ರೊಜೆಕ್ಟರಿನ ಸ್ವಂತ ರೆಸಲ್ಯೂಶನ್‌ಗೇ ಇಡಿ: 1024×768, 1280×800, 1920×1080, ಯಾವುದೋ ಅದು. ಡಬ್ಬದ ಮೇಲೆ '4ಕೆ ಸಪೋರ್ಟ್' ಎಂದಿದ್ದರೆ 4ಕೆ ಸಿಗ್ನಲ್ ತೆಗೆದುಕೊಳ್ಳುತ್ತದೆ ಎಂದಷ್ಟೇ ಅರ್ಥ, ತೋರಿಸುತ್ತದೆ ಎಂದಲ್ಲ.

ಸೀಲಿಂಗಿಗೆ ತೂಗುಹಾಕುವಾಗ

ಯಂತ್ರವನ್ನು ತಲೆಕೆಳಗು ಮಾಡಿ ತೂಗಿಸಿ, ಮೆನುವಿನಲ್ಲಿ ಸೀಲಿಂಗ್ ಪ್ರೊಜೆಕ್ಷನ್ ಆರಿಸಿದರೆ ಚಿತ್ರ ನೆಟ್ಟಗಾಗುತ್ತದೆ. ಬ್ರಾಕೆಟ್ಟನ್ನು ಕಾಂಕ್ರೀಟಿಗೆ ಅಥವಾ ತೊಲೆಗೆ ಬಿಗಿಯಿರಿ, ಜಿಪ್ಸಮ್ ಹಲಗೆಗೆ ಎಂದೂ ಬೇಡ. ತಳದ ತೂತುಗಳಿಗೆ ಹೆಚ್ಚಾಗಿ ಎಂ4 ಸ್ಕ್ರೂ. ಉದ್ದ ಕೈಪಿಡಿಯಲ್ಲಿ ಹೇಳಿದಷ್ಟೇ ಇರಲಿ, ಹೆಚ್ಚಾದರೆ ಒಳಗಿನ ಭಾಗಗಳಿಗೆ ಚುಚ್ಚುತ್ತದೆ. ಸ್ಕ್ರೂ ಸಡಿಲವಾಗದಿರಲೆಂದು ಅಂಟು ಹಾಕುವುದು, ಸಲೀಸಾಗಲೆಂದು ಎಣ್ಣೆ ಹಚ್ಚುವುದು ಎರಡೂ ಅಪಾಯ. ಅವು ಪ್ಲಾಸ್ಟಿಕ್ ಮೈಯನ್ನು ನಿಧಾನವಾಗಿ ಸೀಳುತ್ತವೆ, ಕೆಲವು ತಿಂಗಳ ನಂತರ ಯಂತ್ರ ಕಳಚಿ ಬೀಳಬಹುದು. ಬ್ರಾಕೆಟ್ ಅಲ್ಲದೆ ಬೇರೆಯೇ ಕೊಕ್ಕೆಗೆ ಉಕ್ಕಿನ ಸುರಕ್ಷತಾ ತಂತಿ ಕಟ್ಟಿ. ಏಣಿ ಮೇಲೆ ಒಬ್ಬರೇ ಹತ್ತಿ ಈ ಕೆಲಸ ಮಾಡಬಾರದು. ಒಬ್ಬರು ಯಂತ್ರ ಹಿಡಿದರೆ ಇನ್ನೊಬ್ಬರು ಬಿಗಿಯಬೇಕು.

ಕಣ್ಣು ಮತ್ತು ಬೆಳಕು

ಬಹಳಷ್ಟು ಪ್ರೊಜೆಕ್ಟರುಗಳ ಮೈಮೇಲೆ ಆರ್‌ಜಿ2 ಎಂಬ ಗುರುತು ಇರುತ್ತದೆ. ಬೆಳಕನ್ನು ದಿಟ್ಟಿಸಿ ನೋಡಿದರೆ ಕಣ್ಣಿಗೆ ಹಾನಿ ಎಂಬ ಎಚ್ಚರಿಕೆ ಅದು. ದೊಡ್ಡವರು ತಾವಾಗಿಯೇ ಮುಖ ತಿರುಗಿಸುತ್ತಾರೆ, ಚಿಕ್ಕ ಮಕ್ಕಳು ಕುತೂಹಲದಿಂದ ಲೆನ್ಸಿನೊಳಗೇ ಇಣುಕುತ್ತಾರೆ. ಮಕ್ಕಳಿರುವ ಕಡೆ ಯಂತ್ರ ಅವರ ಮುಖದ ಎತ್ತರಕ್ಕಿಂತ ಮೇಲಿರಲಿ. ಪವರ್ ಗುಂಡಿ ಒತ್ತುವಾಗ ಎದುರಿಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಭೂತಗನ್ನಡಿ, ದುರ್ಬೀನುಗಳಿಂದ ಲೆನ್ಸ್ ನೋಡುವುದಂತೂ ಬೇಡವೇ ಬೇಡ.

ಸ್ವಲ್ಪ ಹೊತ್ತು ಚಿತ್ರ ಬೇಡವಾದಾಗ ಲೆನ್ಸಿಗೆ ಪುಸ್ತಕ ಅಡ್ಡ ಇಡುವ ಅಭ್ಯಾಸ ಬಿಡಬೇಕು. ಅಷ್ಟೂ ಬೆಳಕು ಅಂಗೈಯಗಲದಲ್ಲಿ ಸೇರಿ ಅಡ್ಡ ಇಟ್ಟದ್ದನ್ನು ಸುಡುತ್ತದೆ, ಮರಳಿ ಬಂದ ಶಾಖ ಲೆನ್ಸನ್ನೇ ವಿರೂಪಗೊಳಿಸುತ್ತದೆ. ರಿಮೋಟಿನಲ್ಲಿ ಎವಿ ಮ್ಯೂಟ್ ಅಥವಾ ಬ್ಲ್ಯಾಂಕ್ ಗುಂಡಿ ಇರುವುದೇ ಇದಕ್ಕೆ. ಲೆನ್ಸ್ ಬಿಸಿಲಿನ ಕಡೆ ಮುಖ ಮಾಡಿರಬಾರದು, ಯಂತ್ರ ಆಫ್ ಇದ್ದರೂ ಸೂರ್ಯನ ಬೆಳಕು ಲೆನ್ಸಿನ ಮೂಲಕ ಒಳಗೆ ಒಂದು ಬಿಂದುವಿನಲ್ಲಿ ಸೇರಿ ಪ್ಯಾನೆಲ್ ಸುಡಬಲ್ಲದು.

ಆಫ್ ಮಾಡುವುದು

ಪವರ್ ಗುಂಡಿ ಎರಡು ಸಲ ಒತ್ತಿದರೆ ಲ್ಯಾಂಪ್ ಆರುತ್ತದೆ, ಫ್ಯಾನ್ ಇನ್ನೂ ಒಂದೆರಡು ನಿಮಿಷ ತಿರುಗುತ್ತದೆ. ಅದು ನಿಲ್ಲುವವರೆಗೆ ಪ್ಲಗ್ ಮುಟ್ಟಬೇಡಿ. ಒಳಗಿರುವುದು ಪಾದರಸದ ಆವಿಯ ಲ್ಯಾಂಪ್. ಉರಿಯುವಾಗ ಅದರ ಗಾಜಿನೊಳಗಿನ ಒತ್ತಡ ಸುಮಾರು 200 ವಾಯುಭಾರ, ಗಾಜಿನ ಬಿಸಿ ಸಾವಿರ ಡಿಗ್ರಿ ಸೆಲ್ಸಿಯಸ್ ಆಸುಪಾಸು. ಫ್ಯಾನ್ ತಟ್ಟನೆ ನಿಂತರೆ ಆ ಬಿಸಿ ಹೊರಹೋಗಲು ದಾರಿಯಿಲ್ಲದೆ ಗಾಜನ್ನೂ ಸುತ್ತಲಿನ ಪ್ಲಾಸ್ಟಿಕ್ಕನ್ನೂ ಬೇಯಿಸುತ್ತದೆ. ಕರೆಂಟು ಹೋಗಿ ಬಂದ ತಕ್ಷಣ ಲ್ಯಾಂಪ್ ಹೊತ್ತದಿದ್ದರೆ ಕೆಟ್ಟಿತೆಂದು ಗಾಬರಿಯಾಗಬೇಡಿ. ಬಿಸಿ ಲ್ಯಾಂಪಿನೊಳಗಿನ ಒತ್ತಡದಲ್ಲಿ ಕಿಡಿ ಹಾರುವುದಿಲ್ಲ. 10 ನಿಮಿಷ ಬಿಟ್ಟು ಪ್ರಯತ್ನಿಸಿ. ಲೇಸರ್, ಎಲ್‌ಇಡಿ ಯಂತ್ರಗಳಿಗೆ ಈ ಕಾಟ ಕಡಿಮೆ, ಆದರೂ ಫ್ಯಾನ್ ನಿಂತ ಮೇಲೇ ಚೀಲಕ್ಕೆ ಹಾಕಿ.

ಫಿಲ್ಟರ್, ಲೆನ್ಸ್, ಲ್ಯಾಂಪ್

ಫಿಲ್ಟರನ್ನು ಧೂಳಿನ ಕಡೆ ತಿಂಗಳಿಗೊಮ್ಮೆ, ಬೇರೆಡೆ ಮೂರು ತಿಂಗಳಿಗೊಮ್ಮೆ ನೋಡಿ. ಪ್ಲಗ್ ತೆಗೆದು, ಫಿಲ್ಟರ್ ಹೊರಗೆಳೆದು ವ್ಯಾಕ್ಯೂಮ್‌ನಿಂದ ಧೂಳು ಹೀರಿಸಿ. ತೊಳೆಯಬಹುದೆಂದು ಕೈಪಿಡಿ ಹೇಳದಿದ್ದರೆ ನೀರು ಸೋಕಿಸಬೇಡಿ. ಡಬ್ಬದಿಂದ ಚಿಮ್ಮಿಸುವ ಏರ್ ಸ್ಪ್ರೇಗಳಲ್ಲಿ ಹಲವಕ್ಕೆ ಹೊತ್ತಿಕೊಳ್ಳುವ ಅನಿಲ ತುಂಬಿರುತ್ತದೆ. ಅದನ್ನು ಬಿಸಿ ಪ್ರೊಜೆಕ್ಟರಿನೊಳಗೆ ಹೊಡೆದರೆ ಬೆಂಕಿ ಹತ್ತಬಹುದು. ಲೆನ್ಸಿಗೆ ರಬ್ಬರ್ ಬ್ಲೋವರ್‌ನಿಂದ ಧೂಳು ಹಾರಿಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಹಗುರವಾಗಿ ಒರೆಸಿ. ಧೂಳಿರುವಾಗಲೇ ಒರೆಸಿದರೆ ಗೀರು ಬೀಳುತ್ತದೆ.

ಲ್ಯಾಂಪಿನ ಆಯುಸ್ಸು ಸಾಮಾನ್ಯವಾಗಿ 3000ದಿಂದ 5000 ಗಂಟೆ, ಇಕೋ ಮೋಡ್‌ನಲ್ಲಿ ಇನ್ನೂ ಹೆಚ್ಚು. ಲೇಸರ್‌ಗೆ 20,000 ಗಂಟೆ. ಆಯುಸ್ಸು ಎಂದರೆ ಬೆಳಕು ಅರ್ಧಕ್ಕಿಳಿಯುವ ಹೊತ್ತು, ಅಷ್ಟಾದ ಕೂಡಲೇ ಆರಿಹೋಗುತ್ತದೆಂದಲ್ಲ. ಅವಧಿ ಮೀರಿದ ಲ್ಯಾಂಪನ್ನು ಇನ್ನೂ ಉರಿಯುತ್ತಿದೆಯಲ್ಲ ಎಂದು ಎಳೆದಾಡಿದರೆ ಅದು ಸಿಡಿಯುವ ಸಂಭವ ಹೆಚ್ಚುತ್ತದೆ. ಬದಲಿಸುವಾಗ ಪ್ಲಗ್ ಕಿತ್ತು ಒಂದು ಗಂಟೆ ತಣಿಯಲು ಬಿಡಿ. ಹೊಸ ಲ್ಯಾಂಪನ್ನು ಚೌಕಟ್ಟಿನಲ್ಲೇ ಹಿಡಿಯಿರಿ, ಗಾಜಿಗೆ ಬೆರಳು ತಾಗಿದರೆ ಆ ಜಿಡ್ಡಿನ ಜಾಗವೇ ಹೆಚ್ಚು ಕಾದು ಬಿರುಕು ಬಿಡುತ್ತದೆ. ಮುಚ್ಚಳ ಪೂರ್ತಿ ಕೂರದಿದ್ದರೆ ಒಳಗಿನ ಸುರಕ್ಷತಾ ಸ್ವಿಚ್ ಒತ್ತಿಕೊಳ್ಳದೆ ಯಂತ್ರ ಆನ್ ಆಗುವುದಿಲ್ಲ. ಕೊನೆಗೆ ಮೆನುವಿನಲ್ಲಿ ಲ್ಯಾಂಪ್ ಗಂಟೆಯನ್ನು ಸೊನ್ನೆಗೆ ತರಲು ಮರೆಯಬೇಡಿ.

'ಢಬ್' ಎಂದು ಲ್ಯಾಂಪ್ ಒಡೆದರೆ ಪ್ಲಗ್ ತೆಗೆದು, ಕಿಟಕಿ ತೆರೆದು, ಎಲ್ಲರನ್ನೂ ಹೊರಗೆ ಕಳಿಸಿ. ಅದರಲ್ಲಿರುವ ಪಾದರಸ ಕೆಲವೇ ಹತ್ತು ಮಿಲಿಗ್ರಾಂ, ಆದರೂ ಉಸಿರಿಗೆ ಹೋಗಬಾರದು. ಚೂರುಗಳನ್ನು ವ್ಯಾಕ್ಯೂಮ್‌ನಿಂದ ಎಳೆದರೆ ಆವಿ ಇನ್ನಷ್ಟು ಹರಡುತ್ತದೆ. ಸೀಲಿಂಗಿನ ಯಂತ್ರವಾದರೆ ಅದರ ಕೆಳಗೆ ನಿಂತು ಮುಚ್ಚಳ ತೆಗೆಯಬೇಡಿ, ಗಾಜು ಮುಖದ ಮೇಲೆ ಸುರಿಯುತ್ತದೆ. ಪಕ್ಕದಲ್ಲಿ ನಿಂತು ತೆಗೆಯಬೇಕು. ಹಳೆಯ ಲ್ಯಾಂಪನ್ನು ಮನೆಯ ಕಸದ ಜೊತೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಕೈಕೊಟ್ಟಾಗ

'ನೋ ಸಿಗ್ನಲ್' ಬಂದರೆ ಪ್ರೊಜೆಕ್ಟರಿನಲ್ಲಿ ಸೋರ್ಸ್ ಸರಿಯಿದೆಯೇ, ಲ್ಯಾಪ್‌ಟಾಪಿನಲ್ಲಿ ಡುಪ್ಲಿಕೇಟ್ ಆಗಿದೆಯೇ ನೋಡಿ, ಆಮೇಲೆ ಕೇಬಲ್ ಬದಲಿಸಿ. ಡೆಸ್ಕ್‌ಟಾಪ್ ಕಾಣುತ್ತದೆ, ಸಿನಿಮಾ ಮಾತ್ರ ಕಪ್ಪು ಎಂದರೆ ಅದು ಎಚ್‌ಡಿಸಿಪಿ ನಕಲು ತಡೆ. ನಡುವಿನ ಅಡಾಪ್ಟರ್ ಅಥವಾ ಸ್ಪ್ಲಿಟರ್ ತೆಗೆದು ನೇರ ಕೇಬಲ್ ಹಾಕಿ. ವಿಜಿಎಯಲ್ಲಿ ಚಿತ್ರ ಗುಲಾಬಿ ಅಥವಾ ಹಳದಿಯಾಗಿದ್ದರೆ ಒಂದು ಪಿನ್ ಬಾಗಿದೆ ಇಲ್ಲವೇ ಕೇಬಲ್ ಪೂರ್ತಿ ಕೂತಿಲ್ಲ. ಎಲ್‌ಸಿಡಿ ಯಂತ್ರದಲ್ಲಿ ಕದಲದೆ ನಿಂತ ಮಸುಕು ಚುಕ್ಕೆ ಒಳಗೆ ಸೇರಿದ ಧೂಳು. ಎಷ್ಟೇ ಲೆನ್ಸ್ ಒರೆಸಿದರೂ ಹೋಗದು, ಸರ್ವೀಸಿಗೇ ಕೊಡಬೇಕು. ಚಿಪ್ಪಿನ ಮೇಲಿನ ಸೂಕ್ಷ್ಮ ಕನ್ನಡಿಗಳಿಂದ ಚಿತ್ರ ಮೂಡಿಸುವ ಡಿಎಲ್‌ಪಿ ಯಂತ್ರದಲ್ಲಿ ದಿನೇದಿನೇ ಬಿಳಿ ಚುಕ್ಕೆಗಳು ಹೆಚ್ಚುತ್ತಿದ್ದರೆ ಆ ಕನ್ನಡಿಗಳು ಸಿಕ್ಕಿಕೊಳ್ಳುತ್ತಿವೆ, ಚಿಪ್ಪನ್ನೇ ಬದಲಿಸಬೇಕಾಗುತ್ತದೆ. ತಾಪದ ದೀಪ ಬಂದು ಯಂತ್ರ ನಿಂತರೆ ಫ್ಯಾನ್ ನಿಂತ ಮೇಲೆ ಪ್ಲಗ್ ತೆಗೆದು, ಮೊದಲು ತಳದಲ್ಲಿ ಹಾಳೆ ಅಂಟಿದೆಯೇ ನೋಡಿ, ಆಮೇಲೆ ಫಿಲ್ಟರ್ ಎಳೆದು ನೋಡಿ. ಎರಡೂ ಚೊಕ್ಕವಾಗಿದ್ದು, ಕೋಣೆಯ ತಾಪ 35 ಡಿಗ್ರಿಗಿಂತ ಕಡಿಮೆಯಿದ್ದು, ಮತ್ತೆ ಅದೇ ದೀಪ ಬಂದರೆ ಫ್ಯಾನ್ ಕೆಟ್ಟಿರಬಹುದು. ಮತ್ತೆ ಮತ್ತೆ ಆನ್ ಮಾಡಿ ನೋಡದೆ ಸರ್ವೀಸಿಗೆ ಕಳಿಸಿ.